ಹಗ್ಗ ಬಿಡದ ಕಾಕಾ

ನಮ್ಮ ಕಾಕಾನಿಗೆ ನಿಲ್ಲಲು ಬರುವುದಿಲ್ಲ. ಹೀಗೆಂದ ಕೂಡಲೇ ಕಾಲಿಗೆ ಏನೋ ತೊಂದರೆ ಎಂದು ಕನಿಕರಪಡಬೇಡಿ. ಕಾಲು ಎರಡೂ ಗಟ್ಟಿಯಾಗಿವೆ. ನಡೆಯಲು ಬರುತ್ತದೆ, ಓಡಲು ಬರುತ್ತದೆ, ಬೀಳಲಂತೂ ಬಹಳ ಚೆನ್ನಾಗಿ ಬರುತ್ತದೆ. ನಿಂತಲ್ಲಿ ನಿಲ್ಲುವುದೊಂದು ಬರುವುದಿಲ್ಲ. ಐವತ್ತು ದಾಟಿದ ಮನುಷ್ಯ, ಮುಂಜಾನೆಯ ಉಪ್ಪಿಟ್ಟನ್ನು ತಟ್ಟೆಯಲ್ಲಿ ಹಿಡಿದು ಅಡುಗೆಮನೆಯಿಂದ ಅಂಗಳಕ್ಕೆ, ಅಂಗಳದಿಂದ ಮಾಳಿಗೆಗೆ ತಿರುಗುತ್ತಾ ತಿನ್ನುತ್ತಾನೆ. ಎರಡನೇ ಸಲ ಬಡಿಸಬೇಕಾದರೆ ಕಾಕಿ ಪಾತ್ರೆ ಹಿಡಿದು ಅವನನ್ನು ಹುಡುಕಿಕೊಂಡು ಹೋಗಬೇಕು. ಸ್ಟೇಷನ್ ರಸ್ತೆಯ ಕ್ಷೌರದ ಅಂಗಡಿಯಲ್ಲಿ ಅವನು ಕುರ್ಚಿಗೆ ಕೂತರೆ ಬೆವರುವವನು ಕತ್ತರಿ ಹಿಡಿದವನು. "ಸಾವ್ಕಾರ್ರ, ಒಂದೀಟ ಸುಮ್ಕ ಕೂಡ್ರಿ. ಕಿವಿ ನಿಮ್ದೈತಿ, ಆದ್ರ ಕತ್ತರಿ ನಂದೈತಿ," ಎನ್ನುತ್ತಾನೆ. ನಮ್ಮ ಅಕ್ಕನ ಮದುವೆಯ ಆಲ್ಬಮ್ ತೆಗೆದು ನೋಡಿ. ನೆಂಟರೆಲ್ಲ ಗೊಂಬೆಗಳಂತೆ ಸಾಲಾಗಿ ನಿಂತಿದ್ದಾರೆ. ಅವರ ಹಿಂದೆ ಹೊಗೆಯಂತೆ ಏನೋ ಒಂದು ಹಾದುಹೋಗಿದೆಯಲ್ಲ, ಅದೇ ಕಾಕಾ.

ಇಂಥವನು ಗಾಲಿ ಹಚ್ಚಿದ ಹಲಗೆಯನ್ನು ಕಾಲಿಗೆ ಬಿಗಿದುಕೊಂಡು, ಆನೆ ಗಾತ್ರದ ಗಾಳಿಪಟವನ್ನು ಕೈಯಲ್ಲಿ ಹಿಡಿದು, ತಿಕೋಟಾದ ಆಚೆಯ ಬಯಲಿನಲ್ಲಿ ಹಾರತೊಡಗಿದ ಎಂದರೆ ನಿಮಗೆ ಆಶ್ಚರ್ಯವಾಗಬಹುದು. ನಮಗೆ ಆಗಲಿಲ್ಲ. ಇವನು ಇಷ್ಟು ವರ್ಷ ನೆಲದ ಮೇಲೆ ಹೇಗಿದ್ದ ಎಂಬುದೇ ನಮ್ಮ ಆಶ್ಚರ್ಯ.

ನನ್ನ ಬಗ್ಗೆಯೂ ಒಂದು ಮಾತು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮನೆಯಲ್ಲಿ ತಿಕ್ಕಲು ಕಾಕಾ ಒಬ್ಬನೇ ಎಂದುಕೊಂಡೀರಿ. ಇನ್ನೊಬ್ಬರ ಧ್ವನಿಯಲ್ಲಿ ಮಾತಾಡುವುದು ನನ್ನ ಚಟ. ಗೋಳಗುಮ್ಮಟದ ನೆರಳಿನಲ್ಲಿ ಹುಟ್ಟಿದವನಿಗೆ ಕೇಳಿದ್ದನ್ನು ತಿರುಗಿಸಿ ಕೊಡುವ ಗುಣ ರಕ್ತದಲ್ಲೇ ಬಂದಿರಬೇಕು. ಬಸ್ ಕಂಡಕ್ಟರ್, ಬಾಗಿಲಲ್ಲಿ ಕೂಗುವ ಕಾಯಿಪಲ್ಲೆಯವಳು, ಕೆಮ್ಮುತ್ತಾ ಚಾಲೂ ಆಗುವ ನಮ್ಮ ಅಂಗಡಿಯ ಜನರೇಟರ್, ಎಲ್ಲ ನನ್ನ ಗಂಟಲಲ್ಲಿ ಬಾಡಿಗೆಗೆ ಇದ್ದಾರೆ. ಹೀಗಾಗಿ ಮನೆಯಲ್ಲಿ ನನಗೆ ರೇಡಿಯೋ ಎಂದೇ ಹೆಸರು. ಹೋದ ವರ್ಷ ಹೆಣ್ಣು ನೋಡಲು ಬಬಲೇಶ್ವರಕ್ಕೆ ಹೋಗಿದ್ದೆವು. ಹುಡುಗಿಯನ್ನು ನಗಿಸೋಣ ಎಂದು ಅವಳ ಅಪ್ಪನ ಧ್ವನಿಯಲ್ಲೇ "ಚಾ ತೊಗೊಳ್ರಿ" ಎಂದೆ. ನಕ್ಕಳು. ನಕ್ಕು ಮುಗಿಸಿ ಕೇಳಿದಳು: "ಇದರಾಗ ನಿಮ್ಮ ಧ್ವನಿ ಯಾವುದ್ರಿ?"

ನಾನು ಯೋಚಿಸತೊಡಗಿದೆ. ಚಹಾ ಆರಿತು. ಆ ಮನೆಯಿಂದ ಇನ್ನೂ ಉತ್ತರ ಬಂದಿಲ್ಲ. ನನ್ನಿಂದಲೂ ಹೋಗಿಲ್ಲ.

ಇರಲಿ, ಕಾಕಾನ ವಿಷಯಕ್ಕೆ ಬರುತ್ತೇನೆ. ಸೊಲ್ಲಾಪುರ ರಸ್ತೆಯಲ್ಲಿ ನಮ್ಮದೊಂದು ಪೆಂಡಾಲ್ ಅಂಗಡಿ ಇದೆ. ನಮ್ಮಪ್ಪ ಮತ್ತು ಕಾಕಾ, ಅಣ್ಣತಮ್ಮ ಇಬ್ಬರೂ ಸೇರಿ ಶುರು ಮಾಡಿದ್ದು. ಪೆಂಡಾಲಿನವರಿಗೆ ಗಾಳಿಗಿಂತ ದೊಡ್ಡ ವೈರಿ ಇಲ್ಲ. ಬಟ್ಟೆ ಎತ್ತುವ ಹೊತ್ತಿಗೆ ಗಾಳಿ ಒಳಗೆ ಹೊಕ್ಕಿತೆಂದರೆ ಬೀಗರು ಬರುವ ಮೊದಲೇ ಪೆಂಡಾಲು ಬೀಗರ ಊರಿಗೆ ಹೊರಟುಬಿಡುತ್ತದೆ. ಅದಕ್ಕೆಂದೇ ಈ ಕೆಲಸದಲ್ಲಿ ಒಂದು ಕಟ್ಟಳೆ. ಮೂಲೆಯ ಹಗ್ಗ ಹಿಡಿದವನು ತನ್ನಿಚ್ಛೆಯಿಂದ ಹಗ್ಗ ಬಿಡುವ ಹಾಗಿಲ್ಲ. ಕೈ ಸುಲಿಯಲಿ, ಮೂಗು ತುರಿಸಲಿ, ಹೆಂಡತಿಯ ಫೋನೇ ಬರಲಿ. ನಾಲ್ಕೂ ಮೂಲೆ ಕಾಣುವುದು ನಡುಗಂಬದ ಹತ್ತಿರ ನಿಂತವನಿಗೆ ಮಾತ್ರ. ಗೂಟಗಳಿಗೆ ಗಂಟು ಬಿದ್ದದ್ದು ನೋಡಿ ಅವನು 'ಬಿಡು' ಎಂದಾಗಲೇ ಬಿಡಬೇಕು.

ನಮ್ಮಲ್ಲಿ ನಡುಗಂಬದ ಹತ್ತಿರ ನಿಲ್ಲುತ್ತಿದ್ದವನು ಅಪ್ಪ. ಗಾಳಿ ಬರುವ ಬದಿಯ ಹಗ್ಗ ಯಾವಾಗಲೂ ಕಾಕಾನದು. ಜಗತ್ತಿನಲ್ಲಿ ಅವನು ಅಲುಗದೆ ನಿಲ್ಲುತ್ತಿದ್ದ ಜಾಗ ಅದೊಂದೇ. ಗಂಟೆಲ್ಲ ಮುಗಿದ ಮೇಲೆ ಅಪ್ಪ ಆಳುಗಳಿಗೆ "ಬಿಡ್ರಿ" ಎಂದು ಒಂದೇ ಏಟಿಗೆ ಹೇಳಿ ಮುಗಿಸುತ್ತಿದ್ದ. ಕೊನೆಗೆ ಕಾಕಾನ ಕಡೆ ತಿರುಗಿ ಬೇರೆಯದೇ ರಾಗದಲ್ಲಿ, ನಿದ್ದೆಗಣ್ಣಿನ ಮಗುವಿನ ಕೈಯಿಂದ ಆಟಿಕೆ ಬಿಡಿಸುವವನಂತೆ, "ತಮ್ಮಾ... ಬಿಡಪಾ" ಎನ್ನುತ್ತಿದ್ದ. ಆಗ ಕಾಕಾ ಬಿಡುತ್ತಿದ್ದ.

ಅಪ್ಪ ತೀರಿಕೊಂಡ ಮೇಲೆ ಕಾಕಾ ನಡುಗಂಬಕ್ಕೆ ಇನ್ನೊಬ್ಬರನ್ನು ನಿಲ್ಲಿಸಲಿಲ್ಲ. ಬಜಾರಿಗೆ ಹೋಗಿ ಒಂದು ಸೀಟಿ ತಂದ. ಹಗ್ಗ ಹಿಡಿಯುವವನೂ ತಾನೇ, ಬಾಯಲ್ಲಿ ಸೀಟಿ ಕಚ್ಚಿ ಊದುವವನೂ ತಾನೇ. ಬಬಲೇಶ್ವರದಲ್ಲಿ ರಸ್ತೆ ಪಕ್ಕದ ಮದುವೆಯೊಂದಕ್ಕೆ ಪೆಂಡಾಲ್ ಹಾಕುವಾಗ ಅವನು ಜೋರಾಗಿ ಒಂದು ಸೀಟಿ ಊದಿದ. ಹಾದುಹೋಗುತ್ತಿದ್ದ ಬಸ್ಸು ಗಕ್ಕನೆ ನಿಂತಿತು. ನಿಂತ ಮೇಲೆ ಬಸ್ಸು ಸುಮ್ಮನಿದ್ದೀತೆ? ಬಾಗಿಲು ತೆರೆದು ಇಬ್ಬರು ಇಳಿದೇಬಿಟ್ಟರು. ಕಂಡಕ್ಟರ್ ಕಿಟಕಿಯಿಂದ ತಲೆ ಹಾಕಿ, "ಯಾರಲೇ ನನ್ನ ಕೆಲಸ ಮಾಡಾಂವ?" ಎಂದ. ಕಾಕಾ ಹಗ್ಗ ಹಿಡಿದ ಕೈ ಬಿಡುವಂತಿರಲಿಲ್ಲ, ಬಾಯಲ್ಲಿ ಸೀಟಿ. ಉತ್ತರವಾಗಿ ಎರಡು ಸಲ ಊದಿದ. ಬಸ್ಸು ಹೋಯಿತು. ಇಳಿದ ಇಬ್ಬರು ನಮ್ಮ ಪೆಂಡಾಲಿನಲ್ಲೇ ಉಳಿದು ಉಂಡು ಹೋದರು.

ನಾನು ಆ ಕಂಡಕ್ಟರನನ್ನು ಅನುಕರಿಸಿ ತಿಂಗಳುಗಟ್ಟಲೆ ಎಲ್ಲರನ್ನೂ ನಗಿಸಿದೆ. ನನ್ನ ರೇಡಿಯೋದಲ್ಲಿ ಎಲ್ಲ ಸ್ಟೇಷನ್ನೂ ಸಿಗುತ್ತಿದ್ದವು, ಅಪ್ಪನದೊಂದು ಬಿಟ್ಟು. ಬೇಡ ಎಂದು ಯಾರೂ ಹೇಳಿರಲಿಲ್ಲ. ನಾನೂ ಆ ಕಡೆ ಮುಳ್ಳು ತಿರುಗಿಸಿರಲಿಲ್ಲ.

ಈಗ ಆಷಾಢದ ಮಾತು. ಆಷಾಢದಲ್ಲಿ ನಮ್ಮ ಕಡೆ ಮದುವೆ ಇಲ್ಲ, ಆದ್ದರಿಂದ ಪೆಂಡಾಲಿಲ್ಲ. ಆದರೆ ಗಾಳಿ? ವರ್ಷವೆಲ್ಲ ಕೂಡಿಟ್ಟ ಗಾಳಿಯನ್ನು ಬಿಜಾಪುರದ ಮೇಲೆ ಸುರಿಯುವ ತಿಂಗಳು ಅದು. ಹೊರಗೆ ವೈರಿ ಕುಣಿಯುತ್ತಿದ್ದಾನೆ, ಒಳಗೆ ಕಾಕಾ ಕೆಲಸವಿಲ್ಲದೆ ಸುತ್ತಿಟ್ಟ ಬಟ್ಟೆಗಳ ನಡುವೆ ಹಿಂದೆಮುಂದೆ ಸುಳಿದಾಡುತ್ತಿದ್ದಾನೆ. ಅವನನ್ನು ನೋಡಿ ನೋಡಿ ನನಗೇ ತಲೆ ಸುತ್ತು ಬಂದು, ಒಂದು ನಿಮಿಷವಾದರೂ ಸುಮ್ಮನೆ ನಿಲ್ಲಲಿ ಎಂದು ಫೋನಿನಲ್ಲಿ ಒಂದು ರೀಲ್ ತೋರಿಸಿದೆ. ಯಾವುದೋ ಸಮುದ್ರದ ದಂಡೆ. ಅಲ್ಲಿ ಒಬ್ಬ ಬಿಳಿ ಮನುಷ್ಯ ದೊಡ್ಡ ಗಾಳಿಪಟ ಹಿಡಿದು ಗಾಲಿಹಲಗೆಯ ಮೇಲೆ ನಿಂತಿದ್ದ.

"ಇದೇನಲೇ ರೇಡಿಯೋ?"

"ಕೈಟ್ ಲ್ಯಾಂಡ್‌ಬೋರ್ಡಿಂಗ್ ಅಂತಾರ ಕಾಕಾ. ಪತಂಗ ಗಾಳಿಗಿ ಎಳೀತೈತಿ, ಇಂವ ಹಲಗಿ ಮ್ಯಾಲ ಹೊಕ್ಕಾನ. ಈಗ ನೋಡು, ಹಾರಿದ. ಮ್ಯಾಲ ಇದ್ದಾಗನ ಪತಂಗಾನ ಒಂದ್ ಸುತ್ತ ಗಿರಕಿ ಹೊಡಿಸಿದ. ಅದಕ್ಕ ಕೈಟ್ ಲೂಪ್ ಅಂತಾರ."

ಕಾಕಾ ಫೋನ್ ಕಸಿದುಕೊಂಡು ಅದನ್ನೇ ಮತ್ತೆ ಮತ್ತೆ ನೋಡಿದ. ಆಮೇಲೆ ಅವಮಾನವಾದವನಂತೆ ನನ್ನ ಮುಖ ನೋಡಿದ.

"ಬಟ್ಟಿ ಹಾರಬಾರದಂತ ಮೂವತ್ತ ವರ್ಷ ಹಗ್ಗ ಹಿಡದೀನಿ ನಾ. ಈ ಮಗ ಬೇಕಂತನ ಹಾರಸಾಕತ್ತಾನಲ್ಲೋ."

"ಹೂಂ ಕಾಕಾ."

"ಗಾಳಿ ನಮ್ಮ ಕಡೆನೂ ಐತಿ."

ಮುಗಿಯಿತು. ಒಂದು ನಿಮಿಷದ ನೆಮ್ಮದಿಗೆ ಹೋಗಿ ಇಡೀ ಆಷಾಢದ ನೆಮ್ಮದಿ ಕಳೆದುಕೊಂಡೆ.

ಮೊದಲ ಪಟವನ್ನು ಕಾಕಾ ಅಂಗಡಿಯ ಹೊಲಿಗೆ ಯಂತ್ರದಲ್ಲಿ ತಾನೇ ಹೊಲಿದ. ಬಟ್ಟೆ ಯಾವುದು ಹೇಳಿ? ಪೆಂಡಾಲಿನದೇ, ಕೆಂಪು ಹಳದಿ ಪಟ್ಟಿಯದು. ಅಂಚಿಗೆ ಝಾಲರಿ ಬೇರೆ. "ಝಾಲರಿ ಯಾಕ ಕಾಕಾ?" ಎಂದರೆ, "ಹಂಗ ಬೋಳ ಬಟ್ಟಿ ಎತ್ತಿದ್ರ ಮಂದಿ ಏನಂದಾರು?" ಎಂದ. ತಿಕೋಟಾ ದಾಟಿದ ಮೇಲೆ ನಮ್ಮ ಪರಿಚಯದವರ ಮಡ್ಡಿ ಇದೆ. ಬಿತ್ತಿದರೆ ಏನೂ ಬೆಳೆಯದ, ಕಲ್ಲುಗಟ್ಟಿ ಎತ್ತರದ ನೆಲ. ಅದರ ಒಂದು ಮಗ್ಗುಲಿಗೆ ದ್ರಾಕ್ಷಿ ತೋಟ. ಅಲ್ಲಿಗೆ ಒಯ್ದು ಪಟವನ್ನು ಬಿಡಿಸಿದೆವು. ಅದು ಹಾರಲಿಲ್ಲ. ಹಾರಬಾರದೆಂದು ಮೂವತ್ತು ವರ್ಷ ಕಲಿಸಿದ ಬಟ್ಟೆ, ಒಂದೇ ದಿನದಲ್ಲಿ ಹೇಗೆ ಮರೆತೀತು? ಒಂದು ತುದಿ ಮಾತ್ರ ಎದ್ದು ನಿಂತಿತು. ರಸ್ತೆಯಲ್ಲಿ ಹೋಗುತ್ತಿದ್ದ ಮೋಟರ್‌ಸೈಕಲ್ ನಿಂತಿತು. ಹಿಂದೆ ಕೂತಿದ್ದ ಮುದುಕ ಇಳಿದು ಬಂದು, ಆ ತುದಿಯ ನೆರಳಲ್ಲಿ ಕೂತು, ತಲೆಗೆ ಸುತ್ತಿದ ಪಟಕ ತೆಗೆದು ಗಾಳಿ ಹಾಕಿಕೊಂಡು ಕೇಳಿದ: "ಯಾರ ಮನಿ ಕಾರ್ಯಾರಿ? ಊಟ ಚಾಲೂ ಆಗೇತೇನು?"

ಹಲಗೆಯ ಕಥೆಯೂ ಇಂಥದೇ. ಸೊಲ್ಲಾಪುರ ರಸ್ತೆಯ ವೆಲ್ಡಿಂಗ್ ಅಂಗಡಿಗೆ ಹೋಗಿ, ಹಲಗೆಯ ಕೆಳಗೆ ನಾಲ್ಕು ಗಾಳಿ ತುಂಬಿದ ಗಾಲಿ, ಮೇಲೆ ಕಾಲು ಬಿಗಿಯಲು ಪಟ್ಟಿ ಬೇಕೆಂದ.

"ಗ್ಯಾಸ್ ಸಿಲಿಂಡರ್ ನೂಕೂ ಗಾಡಿಯೇನ್ರಿ?" ಎಂದ ವೆಲ್ಡರ್.

"ಅಲ್ಲೋ ಮಾರಾಯಾ, ಇದರ ಮ್ಯಾಲ ನಾ ನಿಲ್ಲಾಂವ."

"ನಿಂತು ಎಲ್ಲಿಗಿ ಹೊಂಟೀರಿ?"

"ಮ್ಯಾಲ."

ವೆಲ್ಡರ್ ಕಣ್ಣಿನ ಕನ್ನಡಕ ತೆಗೆದು ಕಾಕಾನ ಕೈ ಹಿಡಿದುಕೊಂಡ. "ಹಂಗೆಲ್ಲಾ ಅನಬ್ಯಾಡ್ರಿ ಸಾವ್ಕಾರ್ರ. ಮನ್ಯಾಗ ಏನರ ಮಾತ ಬಂದಿದ್ರ ಕುಂತು ಬಗಿಹರಿಸೂಣು."

ಹಲಗೆಯನ್ನು ಹೇಗೋ ಅವನೇ ಮಾಡಿಕೊಟ್ಟ. ಕೊನೆಗೆ ನಾನೇ ಫೋನಿನಲ್ಲಿ ಹುಡುಕಿ, ಗೋವಾದಲ್ಲಿ ಯಾರೋ ಬಳಸಿ ಬಿಟ್ಟ ನಿಜವಾದ ಪಟವನ್ನು ತರಿಸಿದೆ. ನೀಲಿ ಬಣ್ಣದ್ದು. ಗಾಳಿ ತುಂಬಿಕೊಂಡರೆ ಕಮಾನಿನಂತೆ ಉಬ್ಬುತ್ತದೆ. ಅದರ ದಾರಗಳೆಲ್ಲ ಬಂದು ಒಂದು ಅಡ್ಡ ಹಿಡಿಕೆಗೆ ಸೇರುತ್ತವೆ. ಎರಡೂ ಕೈಯಿಂದ ಹಿಡಿಕೆ ಹಿಡಿಯಬೇಕು. ಎಡಕ್ಕೆ ಜಗ್ಗಿದರೆ ಪಟ ಎಡಕ್ಕೆ, ಬಲಕ್ಕೆ ಜಗ್ಗಿದರೆ ಬಲಕ್ಕೆ. ಒಂದೇ ಕಡೆ ಜಗ್ಗಿ ಹಿಡಿದರೆ ಗಿರಕಿ. ಮಾರಿದವನು ಕಳಿಸಿದ ವಿಡಿಯೋವನ್ನು ನಾನು ಕಾಕಾನಿಗೆ ಅರ್ಥ ಮಾಡಿಸುತ್ತಿದ್ದೆ.

"ಮುಖ್ಯ ಮಾತಂದ್ರ ಇದು ಕಾಕಾ. ಅಂಜಿಕಿ ಬಂತೋ, ಹಿಡಿಕಿ ಬಿಟ್ಟಬಿಡಬೇಕು. ಮುಂಗೈಗಿ ಕಟ್ಟಿದ್ದ ಹಗ್ಗಕ್ಕ ಪತಂಗ ಸಿಕ್ಕೊಂಡು, ಜೀವ ಇಲ್ಲದಂಗ ಕೆಳಗ ಬೀಳತೈತಿ. ಎಲ್ಲೂ ಹೋಗೂದಿಲ್ಲ."

"ಬಿಡೂದು? ಯಾರು ಹೇಳಿದ ಮ್ಯಾಲ?"

"ಯಾರೂ ಹೇಳೂದಿಲ್ಲ. ನೀನ ಬಿಡಬೇಕು."

ಕಾಕಾ ತಲೆ ಅಲ್ಲಾಡಿಸಿದ. ಆ ಬಿಳಿಯರನ್ನು ಬೆಳೆಸಿದ ರೀತಿಯೇ ಅವನಿಗೆ ಸರಿಬರಲಿಲ್ಲ.

ಮೊದಲ ದಿನವೇ ಗಾಳಿ ಪಟವನ್ನು ಎತ್ತಿಕೊಂಡಿತು. ಪಟ ಕಾಕಾನನ್ನು ಎತ್ತಿಕೊಂಡಿತು. ಹಲಗೆ ಒಂದು ಕಡೆ ಉಳಿಯಿತು, ಒಂದು ಚಪ್ಪಲಿ ಇನ್ನೊಂದು ಕಡೆ. ಕಾಕಾ ಮಾತ್ರ ಹೊಟ್ಟೆಯ ಮೇಲೆ ಮಡ್ಡಿಯನ್ನು ಉಳುತ್ತಾ ಹೊರಟ. "ಬಿಡು ಕಾಕಾ, ಬಿಡು," ಎಂದು ನಾನು ಹಿಂದೆ ಓಡಿದೆ. ಬಿಡಲಿಲ್ಲ. ಒಂದು ಜಾಲಿಯ ಮುಳ್ಳುಕಂಟಿ ಅವನನ್ನು ಹಿಡಿದು ನಿಲ್ಲಿಸುವ ತನಕ ಬಿಡಲಿಲ್ಲ. ಕಂಟಿಯ ಒಳಗಿನಿಂದ ಅವನು ಹೇಳಿದ ಮೊದಲ ಮಾತು: "ಪತಂಗ ಹಾರಿ ಹೋಗಲಿಲ್ಲಲ್ಲಾ?"

ಮನೆಯಲ್ಲಿ ಕಾಕಿ ದೀಪದ ಹತ್ತಿರ ಅವನನ್ನು ಬೋರಲು ಮಲಗಿಸಿ, ಪಿನ್ನು ಹಿಡಿದು ಮುಳ್ಳು ತೆಗೆಯಲು ಕೂತಳು. ಒಂದೊಂದು ಮುಳ್ಳಿಗೆ ಒಂದೊಂದು ಮಾತು.

"ಇದು ಆಡೂ ವಯಸ್ಸೇನ್ರಿ? ಬೀಗರ ಮುಂದ ನಾ ಏನಂತ ಹೇಳ್ಲಿ, ನಮ್ಮ ಮನಿಯವ್ರು ಪತಂಗಾ ಹಾರಸಾಕ ಹೋಗಿ ತಾವ ಹಾರ್ಯಾರಂತ?"

"ಬಿದ್ದೀನಿ ಅಷ್ಟ. ಹಾರಿಲ್ಲ ಇನ್ನಾ," ಎಂದ ಕಾಕಾ ದಿಂಬಿನೊಳಗಿನಿಂದ.

"ಆಷಾಢ ಮುಗಿಯೂ ನಾಗರ ಅಮಾಸಿ ತನಕಾ ನೋಡ್ತೀನಿ. ಅಷ್ಟರಾಗ ನಿಮ್ಮ ಗಿರಕಿ ಆತಂದ್ರ ಆತು. ಇಲ್ಲಂದ್ರ ಹಲಗಿ ಗುಜರಿಗಿ. ಪತಂಗಾ ಹರದು ನಾ ಕೈಚೀಲಾ ಹೊಲೀತೀನಿ." ಇನ್ನೊಂದು ಮುಳ್ಳು ಕಿತ್ತು ಮತ್ತೆ ಅಂದಳು: "ಮತ್ತ ಹಿಂಗ ಎಳಕೊಂಡ ಹೋದ್ರ ಬಿಡ್ತೀನಂತ ನನ್ನ ತಲಿ ಮ್ಯಾಲ ಕೈ ಇಟ್ಟ ಹೇಳ್ರಿ."

ಕಾಕಾ ಎದ್ದು ಕೂತು ಅವಳ ತಲೆಯ ಮೇಲೆ ಕೈ ಇಟ್ಟ. "ಬಿಡ್ತೀನಿ," ಎಂದ.

ಸ್ವಲ್ಪ ಹೊತ್ತಾಯಿತು.

"ಆತಲ್ರಿ, ಈಗ ಕೈ ತಗೀರಿ," ಎಂದಳು ಕಾಕಿ.

ಅಂತೂ ಕಲಿತ. ಆಷಾಢ ಅರ್ಧ ಮುಗಿಯುವುದರೊಳಗೆ ಕಾಕಾ ಹಲಗೆಯ ಮೇಲೆ ನಿಂತು ಮಡ್ಡಿಯ ಈ ತುದಿಯಿಂದ ಆ ತುದಿಗೆ ಸರ್ರನೆ ಹೋಗತೊಡಗಿದ. ಪಟವನ್ನು ತಲೆಯ ಮೇಲಕ್ಕೆ ತಂದು, ಕಾಲು ಕುಣಿಸಿ, ನೆಲ ಬಿಟ್ಟು ಮೇಲೇಳತೊಡಗಿದ. ಸುತ್ತಲಿನ ತೋಟದವರು ಬುತ್ತಿ ಕಟ್ಟಿಕೊಂಡು ನೋಡಲು ಬಂದರು. "ಹಾರೂ ಪೆಂಡಾಲಿನವ್ರು ಬಂದಾರ" ಎಂದು ತಿಕೋಟಾದ ಚಹದಂಗಡಿಯಲ್ಲಿ ನಮಗೆ ಮೊದಲು ಚಹಾ ಕೊಡುತ್ತಿದ್ದರು. ಪಕ್ಕದ ದ್ರಾಕ್ಷಿ ತೋಟದ ಯಜಮಾನ ಮಾತ್ರ ದಿನಾ ಬಂದು ಒಂದೇ ಮಾತು ಹೇಳುತ್ತಿದ್ದ: "ಎಲ್ಲೆರ ಇಳೀರಿ ಅಣ್ಣಾರ, ನಮ್ಮ ತ್ವಾಟದ ಮ್ಯಾಲ ಇಳೀಬ್ಯಾಡ್ರಿ. ಬಳ್ಳಿ ಹ್ವಾದ್ರ ಚಿಗಿತಾವು. ಬಳ್ಳಿ ಹಬ್ಬಿಸಿದ ತಂತಿ ಅದಾವ, ಬ್ಲೇಡ ಇದ್ದಂಗ. ನಿಮ್ಮ ಕುತಗಿ ಮತ್ತ ಚಿಗಿಯಾಂಗಿಲ್ಲ."

ನಾನೂ ಒಮ್ಮೆ ಹಲಗೆ ಹತ್ತಿದೆ. ಅಂದು ಗಾಳಿ ಇರಲಿಲ್ಲ, ಪಟ ಇನ್ನೂ ಚೀಲದಲ್ಲಿತ್ತು. ಆದರೂ ಬಿದ್ದೆ. ಬೀಳುವಾಗ ಯಾರ ಧ್ವನಿಯಲ್ಲಿ ಚೀರಬೇಕೆಂದು ತಿಳಿಯದೆ ಕಾಯಿಪಲ್ಲೆಯವಳ ಧ್ವನಿಯಲ್ಲಿ ಚೀರಿದೆನಂತೆ.

ಗಿರಕಿ ಮಾತ್ರ ಕಾಕಾನಿಗೆ ಹತ್ತಲಿಲ್ಲ. ಮೇಲೆ ಏಳುತ್ತಿದ್ದ, ಒಂದು ಕಡೆ ಜಗ್ಗುತ್ತಿದ್ದ, ಪಟ ಅರ್ಧ ಸುತ್ತಿ ಬರುವಷ್ಟರಲ್ಲಿ ನೆಲ ಬಂದುಬಿಡುತ್ತಿತ್ತು. ಮೊಣಕೈ ಹೋಯಿತು, ಮೊಣಕಾಲು ಹೋಯಿತು. ಒಂದು ಸಂಜೆ ಅಂಗಡಿಯ ಟೆಂಪೋದಲ್ಲಿ ಊರಿಗೆ ಮರಳುವಾಗ ನಾನು ಕೇಳಿಯೇಬಿಟ್ಟೆ.

"ಹಾರೂದ ಬಂತಲ್ಲ ಕಾಕಾ, ಗಿರಕಿ ಯಾಕ ಬೇಕು? ಯಾರಿಗಿ ತೋರಸ್ಬೇಕಾಗೇತಿ?"

ಸ್ಟಿಯರಿಂಗ್ ಮೇಲೆ ತಾಳ ಹಾಕುತ್ತಿದ್ದ ಅವನ ಬೆರಳು ನಿಂತವು.

"ಮ್ಯಾಲ ಹೋದಾಗ ಒಂದ್ ಗಳಿಗಿ ಏನೂ ಕೇಳಸೂದಿಲ್ಲಲೇ. ಗಾಳಿ ಸುದ್ದಾ ಕೇಳಸೂದಿಲ್ಲ. ಕೈಯಾಗ ಹಗ್ಗ ಬಿಗಿ ಇರ್ತೈತಿ, ಕಾಲಾಗ ನೆಲಾ ಇರೂದಿಲ್ಲ. ನಿಂತಂಗ ಆಗ್ತೈತಿ. ಗಿರಕಿ ಹೊಡದ್ರ ಇನ್ನ ಒಂದೀಟ ಹೊತ್ತ ಮ್ಯಾಲ ಇಡ್ತೈತಂತ. ಅಷ್ಟ."

ಅಪ್ಪ ಹೋದ ಮೇಲೆ ಅವನು ನಿಂತದ್ದನ್ನು ನಾನು ನೋಡಿರಲಿಲ್ಲ. ಹಗ್ಗ ಹಿಡಿದಾಗಲೂ ಈಗ ಅವನ ಕಾಲು ಕುಣಿಯುತ್ತಲೇ ಇರುತ್ತಿದ್ದವು. ಇದನ್ನು ನಾನು ಅನುಕರಿಸಿಯೂ ಇದ್ದೆ, ಜನ ನಕ್ಕೂ ಇದ್ದರು.

ನಾಗರ ಅಮಾಸಿಯ ಹಿಂದಿನ ದಿನ ಕಾಕಿಯೂ ನಮ್ಮ ಜೊತೆ ಟೆಂಪೋ ಹತ್ತಿದಳು. ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ, ಮೊಸರು ಕಟ್ಟಿಕೊಂಡಿದ್ದಳು. "ಬರೂವಾಗ ಹಲಗಿ ಗುಜರ್ಯಾಗ ಕೊಟ್ಟನ ಬರೂದು," ಎಂದಳು. ಮಡ್ಡಿಯ ಮೇಲೆ ಇಳಿದರೆ ಗಾಳಿ ಅವಳ ಸೆರಗನ್ನೇ ಪಟ ಮಾಡಿ ಎತ್ತಿತು. ಇಷ್ಟು ಗಾಳಿ ಆ ತಿಂಗಳಲ್ಲಿ ಬೀಸಿರಲಿಲ್ಲ. ನಾಳೆ ಅಮಾಸಿ, ಆಮೇಲೆ ಗಾಳಿ ಇಳಿಮುಖ, ಶ್ರಾವಣ, ಮದುವೆ, ಪೆಂಡಾಲು. ಕಾಕಾ ಆಕಾಶ ನೋಡಿದ, ಕಾಕಿಯನ್ನು ನೋಡಿದ, ಗಾಳಿ ಇದ್ದ ಕಡೆಗೆ ಉಗುಳಿ ಮುಖ ಒರೆಸಿಕೊಂಡ. ಹಲಗೆಗೆ ಕಾಲು ಬಿಗಿದ.

ಮೊದಲ ಸಲ ಹೋದ, ಹಾರಿದ, ಗಿರಕಿ ಆಗಲಿಲ್ಲ. ಎರಡನೇ ಸಲವೂ ಆಗಲಿಲ್ಲ. "ರೊಟ್ಟಿ ತಣ್ಣಗಾಗಾಕತ್ತಾವ ನೋಡ್ರಿ," ಎಂದು ಕಾಕಿ ಕೂಗಿದಳು. ಮತ್ತೆ ಹೊರಟ. ಈ ಸಲ ಮಡ್ಡಿಯ ಮೇಲಿನ ತುದಿಯಿಂದ ಬಂದ. ಗಾಲಿಗಳ ಕೆಳಗೆ ಕಲ್ಲು ಸಿಡಿಯುತ್ತಿದ್ದವು. ಪಟ ತಲೆಯ ಮೇಲೆ ಬಂತು, ಕಾಕಾ ನೆಲ ಬಿಟ್ಟ, ಟೆಂಪೋದ ಟಪ್ಪಿನಷ್ಟು ಎತ್ತರಕ್ಕೆ ಎದ್ದ. ಅಲ್ಲಿ, ಎಲ್ಲರೂ ನೋಡುತ್ತಿದ್ದಂತೆ, ಎಡಗೈ ಜಗ್ಗಿದ.

ಪಟ ಆಕಾಶದಲ್ಲಿ ಕಾಕಿಯ ರೊಟ್ಟಿಯಷ್ಟು ದುಂಡನೆಯ ಒಂದು ಸುತ್ತು ತಿರುಗಿತು. ಕಾಕಾ ಅದರ ಕೆಳಗೆ ತೂಗುಬಿದ್ದ. ಆಮೇಲೆ ನಾಲ್ಕೂ ಗಾಲಿ ಒಟ್ಟಿಗೆ ನೆಲ ಮುಟ್ಟಿದವು.

ತೋಟದವರು ಪಟಕ ಎಸೆದರು. ನಾನು ಜನರೇಟರಿನಂತೆ ಕೆಮ್ಮಿ ಚಾಲೂ ಆದೆ. ಕಾಕಿ ಸೆರಗು ಬಾಯಿಗಿಟ್ಟುಕೊಂಡು, "ಆತಲ್ಲ, ಬರ್ರಿ ಇನ್ನ," ಎಂದಳು.

ಅವನು ಬರಲಿಲ್ಲ. 'ಆಯಿತು' ಎಂಬ ಖುಷಿಯಲ್ಲಿ ಜಗ್ಗಿದ ಎಡಗೈಯನ್ನು ಸಡಿಲಿಸುವುದನ್ನೇ ಮರೆತಿದ್ದ. ಪಟ ಇನ್ನೊಂದು ಗಿರಕಿಗೆ ಇಳಿಯಿತು, ಅದೇ ಹೊತ್ತಿಗೆ ಗಾಳಿಯ ಒಂದು ದೊಡ್ಡ ಏಟು ಬಂತು. ಹಲಗೆ ಕಾಲಿನಿಂದ ಕಳಚಿತು. ಕಾಕಾ ಬೋರಲು ಬಿದ್ದ. ಪಟ ಅವನನ್ನು ಎಳೆದುಕೊಂಡು ನೇರವಾಗಿ ಪಕ್ಕದ ದ್ರಾಕ್ಷಿ ತೋಟದ ಕಡೆ ಹೊರಟಿತು. ಅಲ್ಲಿ ಜಾಲಿ ಕಂಟಿ ಇರಲಿಲ್ಲ. ಕಲ್ಲುಕಂಬಗಳ ನಡುವೆ ಕುತ್ತಿಗೆ ಎತ್ತರಕ್ಕೆ ಬಿಗಿದ ತಂತಿಗಳಿದ್ದವು.

ನಾನು ಓಡಿದೆ. "ಕಾಕಾ, ಬಿಡು," ಎಂದು ಒದರಿದೆ. ಅವನ ಬೆರಳು ಹಿಡಿಕೆಯ ಮೇಲೆ ಬೆಳ್ಳಗಾಗಿದ್ದವು. ಕಾಕಿಯ ಧ್ವನಿಯಲ್ಲಿ, "ಏನ್ರೀ, ಬಿಡ್ರಿ ಅಂತೀನಿ," ಎಂದೆ. ಹಿಂದಿನಿಂದ ನಿಜವಾದ ಕಾಕಿಯೂ ಅದೇ ಮಾತು ಕೂಗಿದಳು. ಇಬ್ಬರು ಕಾಕಿಯರ ಒದರಾಟ ಕೇಳಿ ಅವನು ಇನ್ನಷ್ಟು ಬಿಗಿಯಾಗಿ ಹಿಡಿದ. ಕಂಡಕ್ಟರನ ಧ್ವನಿ ಮಾಡಿದೆ, ಬಾಯಲ್ಲೇ ಸೀಟಿ ಊದಿದೆ, ವೆಲ್ಡರನಂತೆ ಬೇಡಿಕೊಂಡೆ. ನನ್ನ ಗಂಟಲಲ್ಲಿ ಬಾಡಿಗೆಗೆ ಇದ್ದವರೆಲ್ಲ ಒಬ್ಬೊಬ್ಬರಾಗಿ ಹೊರಬಂದು ಸೋತು ಹೋದರು. ತಂತಿ ಹತ್ತಿರ ಬಂತು, ಅದರ ಮೇಲಿನ ಎಲೆ ಅಲುಗುವುದು ಕಾಣುವಷ್ಟು ಹತ್ತಿರ.

ಆಗ ನನ್ನ ಬಾಯಿಂದ ಬಂದದ್ದು ನಾನು ಮಾಡಿದ್ದಲ್ಲ. ಜೋರಾಗಿಯೂ ಬರಲಿಲ್ಲ.

"ತಮ್ಮಾ... ಬಿಡಪಾ."

ಬಿಟ್ಟ.

ಎರಡೂ ಕೈ ಒಟ್ಟಿಗೆ ತೆರೆದುಕೊಂಡವು. ಪಟ ಆಕಾಶದಲ್ಲಿ ಒಮ್ಮೆ ಪಟಪಟ ಎಂದು ಸುಕ್ಕಾಗಿ, ತೋಟದ ಅಂಚಿನ ಬದುವಿನ ಮೇಲೆ ಹಳೆಯ ಹೊದಿಕೆಯಂತೆ ಬಿತ್ತು. ಕಾಕಾ ಒಂದು ಸುತ್ತು ಹೊರಳಿ ಅಲ್ಲೇ ಬಿದ್ದುಕೊಂಡ. ಅವನಿಗೂ ತಂತಿಗೂ ನಡುವೆ ಒಬ್ಬ ಮನುಷ್ಯ ಕಾಲು ಚಾಚಿ ಮಲಗುವಷ್ಟು ಜಾಗ ಉಳಿದಿತ್ತು.

ಮೆಲ್ಲಗೆ ಎದ್ದ. ಅಂಗಿ ಎದೆಯ ಹತ್ತಿರ ಹರಿದು ಹೋಗಿತ್ತು. ತಿರುಗಿ ನೋಡಿದ. ನನ್ನನ್ನಲ್ಲ. ನನ್ನ ಹಿಂದೆ, ಬೋಳು ಮಡ್ಡಿಯ ನಡುವೆ, ಪೆಂಡಾಲು ಹಾಕಿದ್ದರೆ ನಡುಗಂಬ ಇರಬೇಕಾಗಿದ್ದ ಜಾಗವನ್ನು ನೋಡಿದ. ಅಲ್ಲಿ ಏನೂ ಇರಲಿಲ್ಲ. ಅದನ್ನೇ ನೋಡುತ್ತಾ ನಿಂತ. ಕಾಲು ಕುಣಿಯಲಿಲ್ಲ, ಬೆರಳು ಆಡಲಿಲ್ಲ. ಕಾಕಿ ಏದುಸಿರು ಬಿಡುತ್ತಾ ಬಂದು, ಬೈಯಲು ತೆರೆದ ಬಾಯಿ ಮುಚ್ಚಿ, ಹಿಂಡಿ ಸವರಿದ ರೊಟ್ಟಿಯನ್ನು ಅವನ ಕೈಗೆ ಕೊಟ್ಟಳು. ಮದುವೆಯಾದಾಗಿನಿಂದ ನಿಂತ ಗಂಡನಿಗೆ ಅವಳು ಬಡಿಸಿದ್ದು ಅದೇ ಮೊದಲಿರಬೇಕು.

ರೊಟ್ಟಿ ಹಿಡಿದುಕೊಂಡೇ ಕಾಕಾ ಹೇಳಿದ: "ಇನ್ನೊಮ್ಮಿ ಅನ್ನಲೇ, ರೇಡಿಯೋ."

ನಾನು ಬಾಯಿ ತೆರೆದೆ. ಬರಲಿಲ್ಲ. ಎಷ್ಟು ತಿರುಗಿಸಿದರೂ ಬರಲಿಲ್ಲ.

"ಇರ್ಲಿ," ಎಂದ ಕಾಕಾ.

ಹಲಗೆ ಗುಜರಿಗೆ ಹೋಗಲಿಲ್ಲ. ಗಿರಕಿ ಆಗಿದೆಯಲ್ಲ, ಮಾತು ಮಾತೇ. ಪಟವನ್ನು ಮುಂದಿನ ಆಷಾಢಕ್ಕೆ ಮಡಚಿಟ್ಟಿದ್ದೇವೆ. ಅಲ್ಲಿಯ ತನಕ ಹಲಗೆಯ ಮೇಲೆ ಗ್ಯಾಸ್ ಸಿಲಿಂಡರ್ ಇಟ್ಟು ಕಾಕಿ ಅಡುಗೆಮನೆಗೆ ನೂಕಿಕೊಂಡು ಹೋಗುತ್ತಾಳೆ. ವೆಲ್ಡರನ ಮಾತು ಸುಳ್ಳಾಗಲಿಲ್ಲ.

ಶ್ರಾವಣದ ಮೊದಲ ಪೆಂಡಾಲು ಹಾಕಿದ್ದು ಬಬಲೇಶ್ವರದಲ್ಲೇ. ಬಟ್ಟೆ ಎತ್ತುವ ಹೊತ್ತಿಗೆ ನೋಡುತ್ತೇನೆ, ಕಾಕಾನ ಕೊರಳಲ್ಲಿ ಸೀಟಿ ಇಲ್ಲ. "ಮರತ ಬಂದಿಯೇನು?" ಎಂದೆ. ಅವನು ತೋಳು ಹಿಡಿದು ನನ್ನನ್ನು ನಡುಗಂಬದ ಹತ್ತಿರ ನಿಲ್ಲಿಸಿ, ತಾನು ಗಾಳಿ ಬದಿಯ ಮೂಲೆಗೆ ಹೋಗಿ ಹಗ್ಗ ಹಿಡಿದ. ಗೂಟಗಳಿಗೆ ಗಂಟು ಬಿದ್ದವು. ನಾಲ್ಕೂ ಮೂಲೆ ನೋಡಿದೆ. ಆಳುಗಳಿಗೆ "ಬಿಡ್ರಿ" ಎಂದೆ, ಬಿಟ್ಟರು. ಕಾಕಾ ಬಿಡಲಿಲ್ಲ. ಹಗ್ಗ ಹಿಡಿದು, ಅಲುಗದೆ ನಿಂತು, ನನ್ನನ್ನೇ ನೋಡುತ್ತಿದ್ದ.

ಅಪ್ಪನ ಧ್ವನಿಗಾಗಿ ಗಂಟಲೆಲ್ಲ ಹುಡುಕಿದೆ. ಸಿಗಲಿಲ್ಲ. ಕೊನೆಗೆ ಸಿಕ್ಕ ಧ್ವನಿಯಲ್ಲೇ, "ಕಾಕಾ... ಬಿಡಪಾ," ಎಂದೆ. ಒಡಕಾಗಿತ್ತು.

"ಇದು ಯಾರ ಧ್ವನೀಲೇ?" ಎಂದು ಅವನು ಅಲ್ಲಿಂದಲೇ ಕೇಳಿದ.

"ಯಾರದೂ ಅಲ್ಲ ಕಾಕಾ. ನಂದ."

ಕಾಕಾ ಸ್ವಲ್ಪ ಹೊತ್ತು ತಲೆ ಓರೆ ಮಾಡಿ ನಿಂತ, ಇನ್ನೂ ಏನೋ ಕೇಳಿಸುತ್ತಿದೆ ಎಂಬಂತೆ.

"ಅಣ್ಣಂದೂ ಹಿಂಗ ಇತ್ತು ಬಿಡು," ಎಂದ. ಹಗ್ಗ ಬಿಟ್ಟ.